ಬೆಲ್ಟ್ ಹಾಕಿದ್ದು ಯಾರು

ಸತ್ತ ಮಿಷನ್ನುಗಳಿಗೆ ಜೀವ ಕೊಡುವವರು ನಾವು ಎಂದು ನನ್ನ ಗಂಡ ಬಂದ ಗಿರಾಕಿಗಳ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ನನಗೆ ಆ ಮಾತು ಆಗಲೂ ಹಿಡಿಸುತ್ತಿರಲಿಲ್ಲ. ಮಿಷನ್ನು ಎಲ್ಲಿ ಸಾಯುತ್ತದೆ? ಅದರ ಕಬ್ಬಿಣ ಕಲ್ಲುಗುಂಡಿನ ಹಾಗೆ ಕೂತೇ ಇರುತ್ತದೆ. ಅದರ ಮೋಟರು ಸುಸ್ತಾಗಿರುತ್ತದೆ, ಹಸಿರು ಅಕ್ಷರ ಮೂಡಿಸುತ್ತಿದ್ದ ಹಳೆಯ ಪರದೆ ಕಪ್ಪಾಗಿರುತ್ತದೆ, ಅದಕ್ಕೆ ಬೇಕಾದ ಬೋರ್ಡು ಮಾಡುವವರು ಅದನ್ನು ಮರೆತು ಎಷ್ಟೋ ಕಾಲವಾಗಿರುತ್ತದೆ. ಫ್ಯಾಕ್ಟರಿಯವರು ಇನ್ನಿದು ಗುಜರಿಗೆ ಎಂದು ಮೂಲೆಗೆ ತಳ್ಳಿದ ಇಂಥ ಲೇತುಗಳನ್ನು ಬಿಚ್ಚಿ, ಮೈ ಹಳೆಯದನ್ನೇ ಇಟ್ಟುಕೊಂಡು, ಮೋಟರು, ಡ್ರೈವು, ಕಂಟ್ರೋಲು ಹೊಸದು ಕೂರಿಸಿ ಮತ್ತೆ ಓಡಿಸುವುದು ಹಿಂದೂಪುರದ ನಮ್ಮ ಶೆಡ್ಡಿನ ಕೆಲಸ. ಇಂಗ್ಲಿಷ್ ಬಲ್ಲವರು ರೆಟ್ರೋಫಿಟ್ ಅನ್ನುತ್ತಾರೆ. ನನ್ನ ಗಂಡ ತಮಾಷೆಗೆ ಅದನ್ನು ಕೂಡಾವಳಿ ಅನ್ನುತ್ತಿದ್ದರು. ಗಂಡ ಸತ್ತ ಹೆಂಗಸನ್ನು ಓಲಗವಿಲ್ಲದೆ ಊಟವಿಲ್ಲದೆ ಇನ್ನೊಬ್ಬನಿಗೆ ಸೀರೆ ಉಡಿಸಿ ಕಳಿಸುತ್ತಿದ್ದರಲ್ಲ, ಅದು. ಕಬ್ಬಿಣಕ್ಕೆ ಎರಡನೇ ಗಂಡ ಸಿಗುವುದು ಎಲ್ಲರಿಗೂ ಒಪ್ಪಿಗೆ.

ನಾನು ಈ ಕೆಲಸಕ್ಕೆ ಬಂದದ್ದು ನನ್ನ ತಾಯಿಯ ಕೈಯಿಂದ. ನನ್ನ ತವರು ರೊದ್ದಂ. ನಮ್ಮದು ಮಗ್ಗದ ಮನೆ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು, ಮುಗಿದಾಗ ನಮ್ಮವರು ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಮಗ್ಗದಲ್ಲಿ ಗೇಣುದ್ದ ನೂಲು ಬಿಟ್ಟು, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯುತ್ತಾರೆ. ಸಾವಿರಾರು ಎಳೆ. ಅದು ಹೆಂಗಸರ ಕೆಲಸ. ಆಮೇಲೆ ಹಳೆಯ ನೂಲನ್ನು ಎಳೆದರೆ ಹೊಸದು ಅದರ ಹಿಂದೆಯೇ ಬಂದು ತನ್ನ ತನ್ನ ಜಾಗದಲ್ಲಿ ಕೂರುತ್ತದೆ. ಒಂದು ಎಳೆ ತಪ್ಪಿದರೆ ಇಡೀ ಸೀರೆಗೆ ಗೆರೆ ಬೀಳುತ್ತದೆ. ನನ್ನ ತಾಯಿ ತಪ್ಪುತ್ತಿರಲಿಲ್ಲ. ನಾನೂ ತಪ್ಪುವುದಿಲ್ಲ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಮದುವೆಯಾದ ಹೊಸತರಲ್ಲಿ ಒಂದು ದಿನ ಶೆಡ್ಡಿಗೆ ಊಟ ತೆಗೆದುಕೊಂಡು ಹೋಗಿದ್ದೆ. ಇವರು ಒಂದು ಹಳೆಯ ಲೇತಿನ ತಂತಿಗಳನ್ನೆಲ್ಲ ಕಿತ್ತು ರಾಶಿ ಹಾಕಿಕೊಂಡು, ಯಾವುದು ಎಲ್ಲಿಯದು ಎಂದು ತಲೆ ಕೆರೆಯುತ್ತ ಕೂತಿದ್ದರು. ನಾನು ನಕ್ಕುಬಿಟ್ಟೆ. ಹಳೆಯದನ್ನು ಕೀಳುವ ಮೊದಲು ಅದರ ತುದಿಗೆ ಹೊಸದನ್ನು ಕಟ್ಟಬಾರದಿತ್ತೇ ಅಂದೆ. ಅವರು ಸಿಟ್ಟಾಗಲಿಲ್ಲ, ಅದು ಅವರ ದೊಡ್ಡ ಗುಣ. ಮುಂದಿನ ಮಿಷನ್ನಿಗೆ ನನ್ನನ್ನೇ ಕೂರಿಸಿದರು. ಅಲ್ಲಿಂದ ಶೆಡ್ಡಿನ ವೈರಿಂಗೆಲ್ಲ ನನ್ನದು. ಪ್ಯಾನೆಲ್ ಬಾಗಿಲು ತೆಗೆದರೆ ನನ್ನ ತಂತಿಗಳು ಎಣ್ಣೆ ಹಾಕಿ ಬಾಚಿದ ಜಡೆಯ ಹಾಗೆ ಕಾಣುತ್ತವೆ. ಮೋಟರು ಕೂರಿಸುವುದು, ಲೆವೆಲ್ ನೋಡುವುದು ಇವರ ಕೆಲಸ. ಕ್ರೇನು ಕರೆಸುವುದು, ಲಾರಿ ಹಿಡಿಯುವುದು, ಗಿರಾಕಿಗೆ ಟೀ ಕುಡಿಸಿ ಮಾತಾಡಿಸುವುದು ಇವರ ತಮ್ಮನ ಕೆಲಸ. ನನ್ನ ಮೈದುನ ಮಾತಿನಲ್ಲಿ ಅರಮನೆ ಕಟ್ಟುವವನು. ಮೂವರೂ ಸೇರಿ ಶೆಡ್ಡು ಚೆನ್ನಾಗಿಯೇ ನಡೆಯುತ್ತಿತ್ತು.

ಆಮೇಲೆ ಇವರು ಹೋದರು. ಬೆಲ್ಲದ ಮಂಡಿಯ ಹತ್ತಿರ ಟೀ ಕುಡಿಯುತ್ತ ನಿಂತವರು ಹಾಗೇ ಕುಸಿದರಂತೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಬರೆದರೆ ಓದುವವರು ನನ್ನ ಮೇಲೆ ಕನಿಕರ ಪಡುತ್ತಾರೆ, ನನಗೆ ಅದು ಬೇಡ.

ತಿಥಿ ಊಟದ ದಿನ ನೆಂಟರೆಲ್ಲ ಕೂತಿದ್ದಾಗ ಮೈದುನ ಶೆಡ್ಡಿನ ಮಾತು ತೆಗೆದ.

"ಅತ್ಗೆಮ್ಮ, ನೀವಿನ್ನ ಮನೇಲಿರಿ. ಗಂಡಸ್ರು ಓಡಾಡೋ ಜಾಗ ಅದು. ನಾನು ನೋಡ್ಕಂಡೋಯ್ತೀನಿ."

"ಇಷ್ಟು ದಿನ ಅಲ್ಲಿ ಓಡಾಡ್ತಿದ್ದವಳು ನಾನು ಗಂಡಸಾಗಿದ್ನೇನಪ್ಪ?" ಅಂದೆ.

ಹಿರಿಯರು ಕೆಮ್ಮಿದರು. ಮೈದುನ ನಕ್ಕ. ಅವನಿಗೆ ಸಿಟ್ಟು ಬಂದರೂ ನಗುತ್ತಾನೆ, ಅದೇ ಅವನಲ್ಲಿ ಹೆದರಬೇಕಾದದ್ದು. ಕೊನೆಗೆ ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಕಲ್ಯಾಣದುರ್ಗದ ಒಂದು ಲೇತು ಅರ್ಧಕ್ಕೆ ನಿಂತಿತ್ತು. ಇವರು ಅದರ ಹಳೆಯ ಮೋಟರು ಬಿಚ್ಚಿ, ಹೊಸದನ್ನು ಬಿಗಿಯಲು ಕಬ್ಬಿಣದ ತಟ್ಟೆ ಕೂರಿಸಿ ಬಂದಿದ್ದರು, ಉಳಿದದ್ದೆಲ್ಲ ಬಾಕಿ. ಅದನ್ನು ನಾನು ನಿಂತು ಮುಗಿಸಬೇಕು, ಮೈದುನ ಜೊತೆಗಿರಬೇಕು. ಅದು ಓಡಿದರೆ ಶೆಡ್ಡು ನನ್ನ ಕೈಯಲ್ಲಿ ಉಳಿಯುತ್ತದೆ. ಓಡದಿದ್ದರೆ ಅವನ ಕೈಗೆ. ನನ್ನ ಗಂಡನೂ ನಾನೂ ಸೇರಿ ಕಟ್ಟಿದ ಶೆಡ್ಡಿಗೆ ನಾನು ಪರೀಕ್ಷೆ ಬರೆಯಬೇಕಾಯಿತು. ಒಪ್ಪಿಕೊಂಡೆ. ಒಪ್ಪದೆ ಇನ್ನೇನು ಮಾಡುವುದಿತ್ತು? ಪಾಸಾಗುವುದು ಖಂಡಿತ ಎಂದೂ ನನಗೆ ಗೊತ್ತಿತ್ತು.

ಕಲ್ಯಾಣದುರ್ಗದ ಸಾಹುಕಾರರದು ಬೋರ್‌ವೆಲ್ ಪಂಪಿನ ಸಾಮಾನು ಮಾಡುವ ಅಂಗಡಿ. ಬ್ರಹ್ಮಸಮುದ್ರದ ಕಡೆಯವರೆಲ್ಲ ಜೀಪಿನ ಮೇಲೆ ಪಂಪು ಕಟ್ಟಿಕೊಂಡು ಇವರ ಬಾಗಿಲಿಗೇ ಬರುತ್ತಾರೆ. ಸವೆದ ಶಾಫ್ಟು, ಬುಷ್ಷು ತಿರುವಿ ಕೊಡುವುದು ಅಲ್ಲಿಯವರೆಗೆ ಕೈಲೇತಿನ ಮೇಲೆ ನಡೆಯುತ್ತಿತ್ತು. ಹಿಂದೂಪುರದಲ್ಲಿ ಬಾಗಿಲು ಹಾಕಿದ ಒಂದು ಫ್ಯಾಕ್ಟರಿಯಿಂದ ಈ ಲೇತನ್ನು ತಂದಿದ್ದರು. ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಒಂದು ಬಾಗಿಲು, ಬಾಗಿಲಿಗೆ ಒಂದು ಹೂವಿನ ಪರದೆ. ಸಾಹುಕಾರರು ಮೆತ್ತನೆಯ ಮನುಷ್ಯ. ಅರ್ಧ ತೆಲುಗು, ಅರ್ಧ ಕನ್ನಡ. ನನ್ನನ್ನು ಮೊದಲ ದಿನವೇ ಚೆಲ್ಲೆಮ್ಮ, ತಂಗಿ ಎಂದು ಕರೆದರು.

ಆ ಮನೆಯಲ್ಲಿ ನನಗೆ ಹತ್ತಿರವಾದವರು ಅವರ ತಾಯಿ. ಊರಲ್ಲಿ ಅವರನ್ನು ಎಲ್ಲರೂ ಅವ್ವ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ಹೋಗಿ ಎಷ್ಟೋ ಕಾಲವಾಗಿದ್ದ ಹೆಂಗಸು, ಬರಿ ಹಣೆ, ಮಾಸಿದ ಬೂದುಬಣ್ಣದ ಸೀರೆ. ತವರಿನವರು ಅವರ ಹೆಸರಿಗೆ ಬರೆದಿದ್ದ ಜಾಗ ಮಾರಿ ಈ ಮಿಷನ್ನು ತಂದದ್ದು. ಅದಕ್ಕೇ ಅವರಿಗೆ ಅದರ ಮೇಲೆ ಒಂದು ಕಣ್ಣು. ನಾನು ತಂತಿ ಎಳೆಯುತ್ತಿದ್ದರೆ ಬಂದು ಪಕ್ಕದಲ್ಲಿ ಹಣ್ಣಿನ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂರುತ್ತಿದ್ದರು.

"ನನ್ ಜಾಗ ನೋಡಮ್ಮ, ಹೆಂಗೆ ಬಂದು ಇಲ್ಲಿ ನಿಂತ್ಕಂಡೈತೆ," ಅನ್ನುತ್ತಿದ್ದರು. ಒಂದು ಬಟ್ಟೆ ತಂದು ಮಿಷನ್ನಿನ ಮೂತಿ ಒರೆಸುತ್ತಿದ್ದರು. "ಇದು ಓಡೋದ ನೋಡ್ಬುಟ್ರೆ ಸಾಕು ಕಣಮ್ಮ ನಂಗೆ."

ಎಲ್ಲ ಕೇಳುತ್ತಿದ್ದರು. ಇದೇನು, ಅದೇನು, ಇದಕ್ಯಾಕೆ ಮೂರು ಬಣ್ಣ. ನಾನು ಹೇಳುತ್ತಿದ್ದೆ. ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ಗಿರ್ರನೆ ತಿರುಗಿಸುವುದು ಚಕ್ಕು. ಎದುರಿನಿಂದ ಬಂದು ಅದನ್ನು ಕೆರೆಯುವ ಟೂಲುಗಳನ್ನೆಲ್ಲ ಹೊತ್ತಿರುವುದು ಟರೆಟ್ಟು. ಆ ಟರೆಟ್ಟನ್ನು ಹಿಂದೆ ಮುಂದೆ ಓಡಿಸುವುದು ಈ ಮೋಟರು, ಮೋಟರಿಗೂ ಟರೆಟ್ಟನ್ನು ತಳ್ಳುವ ಉದ್ದನೆಯ ಸ್ಕ್ರೂಗೂ ನಡುವೆ ಒಂದು ಹಲ್ಲಿನ ಬೆಲ್ಟು. ಮೋಟರಿಗೆ ಮೊದಲ ಸಲ ಕರೆಂಟು ಕೊಟ್ಟಾಗ ಅದು ಯಾವ ಕಡೆ ತಿರುಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಹೊಸ ಮೋಟರು, ಹಳೆಯ ಸ್ಕ್ರೂ, ಎರಡಕ್ಕೂ ಇನ್ನೂ ಪರಿಚಯವಿಲ್ಲ. ಆದ್ದರಿಂದ ಬೆಲ್ಟು ತೆಗೆದಿಟ್ಟು ಮೋಟರನ್ನು ಒಂಟಿಯಾಗಿ ತಿರುಗಿಸಿ ನೋಡುವುದು. ಉಲ್ಟಾ ಇದ್ದರೆ ಕಂಟ್ರೋಲಿನಲ್ಲಿ ಒಂದೇ ಒಂದು ಅಂಕಿ ಬದಲಾಯಿಸಿದರೆ ಸರಿಯಾಗುತ್ತದೆ. ಆಮೇಲೆ ಬೆಲ್ಟು. ಇದು ನನ್ನ ಗಂಡ ಹಾಕಿದ ಕಟ್ಟಳೆ, ನಮ್ಮ ಶೆಡ್ಡಿನಲ್ಲಿ ಯಾರೂ ಮೀರುತ್ತಿರಲಿಲ್ಲ.

ಅವ್ವ ತಲೆ ಆಡಿಸಿದರು. "ಹೋರಿಗೆ ನೊಗ ಹೂಡ್ದ ದಿನಾನೇ ಗಾಡಿ ಕಟ್ಬಾರ್ದು ಅಂತಾರಲ್ಲ, ಅಂಗೆ."

ಇದಕ್ಕಿಂತ ಚೆನ್ನಾಗಿ ನಾನೂ ಯಾರಿಗೂ ವಿವರಿಸಿರಲಿಲ್ಲ.

ಮೂರು ಫೇಸಿನ ಕರೆಂಟು ಬರುವುದೇ ತಡವಾಯಿತು. ಲೈನಿನವರು ಇವತ್ತು ನಾಳೆ ಎಂದು ಸತಾಯಿಸಿ, ಕೊನೆಗೆ ಒಂದು ಸಂಜೆ ಬಂದು ಕೊಟ್ಟು ಹೋದರು. ಅಷ್ಟರಲ್ಲಿ ಆಷಾಢ ಬಾಗಿಲಿಗೆ ಬಂದಿತ್ತು. ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡುವಂತಿಲ್ಲ. ಪುರೋಹಿತರು ಮರುದಿನ ಬೆಳಿಗ್ಗೆ ಒಂದು ಗಳಿಗೆ ಚೆನ್ನಾಗಿದೆ, ಅದು ಬಿಟ್ಟರೆ ಶ್ರಾವಣವೇ ಅಂದರಂತೆ. ಸಾಹುಕಾರರು ಓಡಿಬಂದರು.

"ಚೆಲ್ಲೆಮ್ಮಾ, ಪೊದ್ದುನ್ನೇ ಪೂಜೆ. ನೆಂಟರಿಗೆಲ್ಲ ಫೋನ್ ಮಾಡ್ಬುಟ್ಟಿದೀನಿ."

"ಅಣ್ಣಾ, ಕರೆಂಟು ಈಗ ಬಂದೈತೆ. ನಾನಿನ್ನೂ ಏನೂ ನೋಡಿಲ್ಲ. ಒಂದು ಮಧ್ಯಾಹ್ನನಾದ್ರೂ ಬೇಕು."

"ಸುಮ್ನೆ ಆನ್ ಮಾಡಿ ಆಫ್ ಮಾಡೋದಮ್ಮ. ಅಂತೇ, ಅಷ್ಟೇ. ಗಳಿಗೆ ತಪ್ಪಿಸ್ಬಾರ್ದಲ್ಲ."

ಯೋಚಿಸಿದೆ. ಪರದೆ ಬೆಳಗುತ್ತದೆ, ಮೋಟರು ತನ್ನ ಪಾಡಿಗೆ ತಿರುಗುತ್ತದೆ, ಮಂಗಳಾರತಿ ಆಗುತ್ತದೆ. ಬೆಲ್ಟು ಇಲ್ಲದಿದ್ದರೆ ಯಾವ ಅಪಾಯವೂ ಇಲ್ಲ. ಸರಿ ಅಂದೆ. ಬೆಲ್ಟು ಬಿಚ್ಚಿ, ಸುತ್ತಿ, ಪ್ಯಾನೆಲಿನ ಕೆಳಗೆ ಇಟ್ಟೆ. ಮೈದುನನಿಗೆ ತೋರಿಸಿಯೇ ಇಟ್ಟೆ.

"ನಾನು ಬಂದು ತಿರುಗೋ ದಿಕ್ಕು ನೋಡೋವರ್ಗೂ ಇದನ್ನ ಮುಟ್ಬೇಡಪ್ಪ."

"ಸರೇ ವದಿನಾ, ಅಷ್ಟೂ ಗೊತ್ತಿಲ್ವಾ ನಂಗೆ," ಅಂದ. ಅವನಿಗೆ ಖುಷಿಯಾದಾಗ ಅತ್ತಿಗೆ ತೆಲುಗಿನ ವದಿನ ಆಗುತ್ತಾಳೆ.

ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದೆ. ಆ ದಿನ ನನಗೆ ಸಂತೋಷವಿತ್ತು, ಸುಳ್ಳು ಹೇಳಬಾರದು. ಇವರು ಹೋದಮೇಲೆ ಮೊದಲ ಸಲ ನನ್ನ ಮೈಯಲ್ಲಿ ಒಂದು ಹುರುಪು. ಅಂಗಡಿ ತುಂಬ ಜನ. ಮಿಷನ್ನಿಗೆ ಚೆಂಡುಹೂವಿನ ಹಾರ, ಚಕ್ಕಿಗೆ ಕುಂಕುಮ, ಕೆಳಗೆ ನಿಂಬೆಹಣ್ಣು. ನಾನು ಸೆರಗು ಸಿಕ್ಕಿಸಿಕೊಂಡು ಪ್ಯಾನೆಲಿನ ಕಡೆ ಹೊರಟರೆ ಸಾಹುಕಾರರು ಅಡ್ಡ ಬಂದರು. ಮುಖ ನೋಡಲಿಲ್ಲ. ನನ್ನ ಭುಜದ ಹಿಂದೆ ಎಲ್ಲೋ ನೋಡುತ್ತ ಅಂದರು:

"ಏಮನುಕೋಕು ಚೆಲ್ಲೆಮ್ಮಾ. ಪೂಜೆ ಆಗೋವರ್ಗೂ ಅವ್ವನ ಜೊತೆ ಒಳಗೆ ಕೂತ್ಕೊ. ದೊಡ್ಡೋರೆಲ್ಲ ಬಂದವ್ರೆ. ಬೇಜಾರ್ ಮಾಡ್ಕೊಬೇಡ."

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ಮಿಷನ್ನಿನೊಳಗೆ ನನ್ನ ಕೈ ಹೋಗದ ಸಂದಿಯಿರಲಿಲ್ಲ. ಅದರ ಹೊಟ್ಟೆಯಲ್ಲಿ ನನ್ನ ತಲೆಗೂದಲೂ ಸಿಕ್ಕಿರಬಹುದು. ಆಗ ಮೈಲಿಗೆಯಾಗಿರಲಿಲ್ಲ. ಆರತಿ ತಟ್ಟೆ ಬಂದ ಕೂಡಲೇ ನಾನು ಮುಂಡೆಯಾದೆ. ಮೈದುನನ ಕಡೆ ನೋಡಿದೆ. ಅವನು ಫೋನು ಹಿಡಿದು ಹಾರದ ಫೋಟೋ ತೆಗೆಯುತ್ತಿದ್ದ, ತಿರುಗಲಿಲ್ಲ. ಅಲ್ಲೇ ಕೂಗಾಡಬಹುದಿತ್ತು. ಕೂಗಾಡಿದರೆ ಮಿಷನ್ನು ಓಡುವ ಮೊದಲೇ ಗಲಾಟೆ ಮಾಡಿದಳು ಎಂಬ ಹೆಸರು ಬರುತ್ತದೆ, ಶೆಡ್ಡು ಹೋಗುತ್ತದೆ. ಹಲ್ಲು ಕಚ್ಚಿಕೊಂಡು ಪರದೆ ಸರಿಸಿ ಒಳಗೆ ಹೋದೆ.

ಅವ್ವ ಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ನನ್ನನ್ನು ಕಂಡು ಪಕ್ಕದಲ್ಲಿ ಜಾಗ ಮಾಡಿದರು, ಮೊದಲೇ ಗೊತ್ತಿದ್ದವರ ಹಾಗೆ.

"ನಿಂಗೂ ಇಲ್ಗೇ ಕಳ್ಸಿದ್ರಾ? ಬಾ."

"ನಿಮ್ ಜಾಗ ಮಾರಿ ತಂದ ಮಿಷನ್ ಅವ್ವಾ. ನೀವ್ಯಾಕೆ ಇಲ್ಲಿ ಕೂತಿದೀರಾ?"

"ನಾವು ಹೋಗ್ಬಾರ್ದಲ್ಲಮ್ಮ."

"ಯಾರ್ ಹೇಳಿದ್ದು?"

"ಯಾರ್ ಹೇಳ್ಬೇಕು? ನಮ್ಗೇ ಗೊತ್ತಾಗಲ್ವಾ?" ಅಂದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನೋವೂ ಇರಲಿಲ್ಲ. ನನಗೆ ಸಾಹುಕಾರರಿಗಿಂತ ಆ ಹೆಂಗಸಿನ ಮೇಲೆ ಹೆಚ್ಚು ಸಿಟ್ಟು ಬಂತು. ಚಾಕು ತೆಗೆದುಕೊಂಡು ನಾನೂ ಹೆಚ್ಚತೊಡಗಿದೆ. ಬೆರಳು ಕೊಯ್ದುಕೊಳ್ಳದೆ ಇದ್ದದ್ದೇ ಪುಣ್ಯ.

ಹೊರಗೆ ಗಂಟೆ ಶುರುವಾಯಿತು. ಮಂತ್ರ, ಕರ್ಪೂರದ ವಾಸನೆ, ಕಾಯಿ ಒಡೆದ ಸದ್ದು. ಅವ್ವ ಕೈ ನಿಲ್ಲಿಸಿದರು. ಕಿವಿ ಆ ಕಡೆಗೇ. ಸಾಹುಕಾರರು ಯಾರಿಗೋ "ಒತ್ಲಾ? ಇದೇನಾ ಬಟನ್ನು?" ಎಂದು ಕೇಳಿದ್ದು, ಮೈದುನ "ಹೋಮ್ ಅಂತೈತೆ ನೋಡಿ, ಅದೇ ಸಾರ್" ಅಂದದ್ದು ಕೇಳಿಸಿತು. ಹೋಮ್ ಅಂದರೆ ಟರೆಟ್ಟು ಹಿಂದೆ ಸರಿದು ತನ್ನ ಜಾಗಕ್ಕೆ ಹೋಗುವುದು, ಬೆಲ್ಟು ಇಲ್ಲದ ಮೇಲೆ ಬರೀ ಮೋಟರು ತಿರುಗುತ್ತದೆ. ಅವ್ವ ಎದ್ದರು.

"ಒಂಚೂರು ನೋಡ್ಕಂಡು ಬತ್ತೀನಿ ಕಣಮ್ಮ. ಯಾರೂ ನೋಡಲ್ಲ."

ಹೆಜ್ಜೆ ಸದ್ದಾಗದ ಹಾಗೆ ಹೋಗಿ ಪರದೆಯ ಹಿಂದೆ ನಿಂತರು. ಪರದೆಯ ಅಂಚು ಸ್ವಲ್ಪವೇ ಸರಿಸಿ ಇಣುಕಿದರು. ಅವರ ಸೆರಗಿನ ತುದಿ ಪರದೆಯ ಆಚೆ ಬಿದ್ದಿತ್ತು. ಹಿಂದಿನಿಂದ ನೋಡಿದರೆ ಜಾತ್ರೆ ನೋಡುವ ಮಗುವಿನ ಹಾಗಿದ್ದರು. ನನಗೆ ಬಂದಿದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಆಗ ಸದ್ದಾಯಿತು.

ಕಬ್ಬಿಣ ಕಬ್ಬಿಣಕ್ಕೆ ಗುದ್ದಿದ ಸದ್ದು ಕೇಳಿದವರಿಗೆ ಬೇರೆ ಹೇಳಬೇಕಿಲ್ಲ. ನಾನು ಹುರುಳಿಕಾಯಿ ಚೆಲ್ಲಿ ಎದ್ದು ಓಡಿದೆ. ಅವ್ವ ನನಗೆ ಎದುರಾಗಿ ಒಳಗೆ ಓಡಿಬಂದರು. ಪರದೆ ತಳ್ಳಿ ಹೊರಗೆ ಹೋದರೆ, ಹಿಂದಕ್ಕೆ ಸರಿಯಬೇಕಿದ್ದ ಟರೆಟ್ಟು ಮುಂದಕ್ಕೆ ನುಗ್ಗಿ ಚಕ್ಕಿಗೆ ಗುದ್ದಿ ಸೊಟ್ಟಗಾಗಿ ನಿಂತಿತ್ತು. ಹೂವಿನ ಹಾರ ಅದರ ನಡುವೆ ಸಿಕ್ಕಿ ಅರೆದುಹೋಗಿತ್ತು. ಕಂಟ್ರೋಲಿನ ಪರದೆಯ ಮೇಲೆ ಕೆಂಪು ಅಲಾರಂ ಮಿನುಗುತ್ತಿತ್ತು. ಪುರೋಹಿತರು ಗೋಡೆಗೆ ಅಂಟಿಕೊಂಡಿದ್ದರು. ನಾನು ಯಾರನ್ನೂ ನೋಡಲಿಲ್ಲ, ನೇರ ಮಿಷನ್ನಿನ ಪಕ್ಕಕ್ಕೆ ಹೋಗಿ ಮುಚ್ಚಳ ಎತ್ತಿದೆ. ಬೆಲ್ಟು ಬಿಗಿಯಾಗಿ ಕೂತಿತ್ತು.

"ಬೆಲ್ಟ್ ಹಾಕಿದ್ದು ಯಾರು?"

ಮುಚ್ಚಳ ಹಿಡಿದುಕೊಂಡೇ ಗುಂಪಿನ ಕಡೆ ತಿರುಗಿದೆ.

"ಕೇಳ್ತಾ ಇರೋದು ನಿಮ್ಗೇ. ಬೆಲ್ಟ್ ಹಾಕಿದ್ದು ಯಾರು?"

ಮೈದುನ ಫೋನು ಜೇಬಿಗೆ ಹಾಕಿಕೊಂಡ. "ವೈರಿಂಗ್ ಉಲ್ಟಾ ಆಗೈತೆ ಸಾರ್. ಅದಕ್ಕೇ ಹಿಂಗಾಯ್ತು," ಎಂದು ಸಾಹುಕಾರರಿಗೆ ಹೇಳಿದ. ನನಗೆ ಹೇಳಲಿಲ್ಲ.

"ಉಲ್ಟಾ ಆಗೋದು ತಪ್ಪಲ್ಲ ಅಣ್ಣಾ, ಅದನ್ನ ನೋಡೋಕೇ ಬೆಲ್ಟು ತೆಗ್ದಿಟ್ಟಿದ್ದು," ಎಂದು ಶುರು ಮಾಡಿದೆ. ಯಾರಿಗೂ ಬೇಕಿರಲಿಲ್ಲ. ಅಷ್ಟರಲ್ಲಿ ಗುಂಪಿನೊಳಗಿಂದ ನೆಂಟರ ಹೆಂಗಸೊಬ್ಬಳು ದನಿ ತೆಗೆದಳು. ಬಟನ್ ಒತ್ತುವ ಹೊತ್ತಿಗೆ ಬಾಗಿಲ ಪರದೆ ಹತ್ತಿರ ಒಂದು ಬೂದು ಸೆರಗು ಕಂಡೆ, ಯಾವಳೋ ಬರಿ ಹಣೆಯವಳು ನಿಂತಿದ್ದಳು ಅಂದಳು. ಎಲ್ಲರಿಗೂ ತಾವು ಹುಡುಕುತ್ತಿದ್ದದ್ದು ಸಿಕ್ಕಿಬಿಟ್ಟಿತು.

ನನ್ನ ಸೀರೆ ಹಸಿರು. ಅದನ್ನು ಯಾರೂ ನೋಡಲಿಲ್ಲ. ನೋಡಿದ್ದು ಹಣೆಯನ್ನು ಮಾತ್ರ.

ಸಾಹುಕಾರರು ಒಳಗೆ ತಿರುಗಿ ಕರೆದರು. "ಅವ್ವಾ! ಬಾಗ್ಲಿಗೆ ಬಂದಿದ್ದು ಯಾರು?"

ಅವ್ವ ಪರದೆಯ ಈಚೆ ಬರಲಿಲ್ಲ. ಅಲ್ಲಿಂದಲೇ, ಕೇಳಿಯೂ ಕೇಳದಷ್ಟು ಸಣ್ಣ ದನಿಯಲ್ಲಿ ಅಂದರು:

"ನಾನು ಕಾಯಿ ಹೆಚ್ತಿದ್ದೆ ಕಣಪ್ಪ. ಆವಮ್ಮ ಎದ್ದೋದ್ಲು."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಮೇಕೆಗೆ ಆ ಹೊತ್ತು ಏನನ್ನಿಸುತ್ತದೆ ಎಂದು ಗಾದೆಯಲ್ಲಿಲ್ಲ. ಏನೂ ಅನ್ನಿಸುವುದಿಲ್ಲ. ಬಾಯಿ ಒಣಗುತ್ತದೆ ಅಷ್ಟೇ.

ಅಲ್ಲ, ನಿಂತದ್ದು ನಾನಲ್ಲ, ನಿಮ್ಮ ತಾಯಿ ಎಂದು ಹೇಳಲು ನನಗೆ ಬಾಯಿ ಇರಲಿಲ್ಲವೇ? ಇತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಹಾಗೆ ಹೇಳಿದೆ ಎಂದರೆ ಸೆರಗು ಕಂಡದ್ದರಿಂದಲೇ ಮಿಷನ್ನು ಗುದ್ದಿತು ಎಂದು ನಾನೂ ಒಪ್ಪಿಕೊಂಡಂತೆ. ಯಾವ ಮುಂಡೆ ಎಂಬುದಷ್ಟೇ ತಕರಾರು ಎಂದಂತೆ. ಅದನ್ನು ನನ್ನ ಬಾಯಿಂದ ಹೇಳಲಾರೆ. ಇವತ್ತಿಗೂ ಹೇಳಲಾರೆ.

"ಬಾಗ್ಲಲ್ಲಿ ನಿಂತಿದ್ದು ಯಾರು ಅಂತ ಇಷ್ಟು ಜನ ಕೇಳ್ತೀರಲ್ಲ," ಅಂದೆ, "ಬೆಲ್ಟ್ ಹಾಕಿದ್ದು ಯಾರು ಅಂತ ಒಬ್ರೂ ಕೇಳಲ್ವಲ್ಲ. ಸೆರಗು ಬೆಲ್ಟ್ ಹಾಕ್ತದಾ?"

ಸಾಹುಕಾರರು ಕೈ ಮುಗಿದರು. ಬೈದಿದ್ದರೆ ನಾನೂ ಬಯ್ಯಬಹುದಿತ್ತು. ಕೈ ಮುಗಿದವರಿಗೆ ಏನು ಹೇಳುವುದು? "ನೀನು ಊರಿಗೆ ಹೋಗಮ್ಮ. ನಿನ್ ಮೈದ್ನ ನೋಡ್ಕೊತಾನೆ," ಅಂದರು.

ಮೈದುನ ನನ್ನನ್ನು ಬಸ್ಸಿನಲ್ಲಿ ಊರಿಗೆ ಬಿಟ್ಟು ಬರಲು ಹೊರಟ. ಅಷ್ಟು ಮರ್ಯಾದೆ ಅವನಿಗಿದೆ. ಪೆನುಕೊಂಡ ದಾಟಿದ ಮೇಲೆ ಅವನೇ ಶುರು ಮಾಡಿದ.

"ಬೆಲ್ಟ್ ನಾನೇ ಹಾಕ್ದೆ ಅತ್ಗೆಮ್ಮ. ಅಷ್ಟು ಜನ ಸೇರವ್ರೆ, ಮಿಷನ್ ಅಲ್ಲಾಡ್ದೆ ಬರೀ ಲೈಟ್ ಉರಿದ್ರೆ ಏನಂತಾರೆ? ಸರ್ಯಾಗೇ ಹೋಯ್ತದೆ ಅಂದ್ಕಂಡೆ."

"ಅಲ್ಲೇ ಯಾಕೆ ಹೇಳ್ಲಿಲ್ಲ?"

"ಅಲ್ಲಿ ಹೇಳಿದ್ರೆ ಶೆಡ್ಡಿನ ಹೆಸ್ರು ಹೋಯ್ತಿತ್ತು. ನಿಮ್ ಮೇಲಾದ್ರೆ…" ಎಂದು ನಿಲ್ಲಿಸಿದ. ಮುಂದೆ ಹೇಳದಷ್ಟು ಸೂಕ್ಷ್ಮ ಅವನಿಗೆ ಇದ್ದೇ ಇತ್ತು. ಕಿಟಕಿಯ ಆಚೆ ನೋಡತೊಡಗಿದ.

ನಿಮ್ಮ ಮೇಲಾದರೆ ಹೋಗುವಂಥದ್ದು ಇನ್ನೇನಿದೆ ಎಂಬುದು ಅವನ ಮಾತಿನ ಉಳಿದರ್ಧ. ನನಗೆ ಬಸ್ಸಿನಿಂದ ಅವನನ್ನು ತಳ್ಳಿಬಿಡಬೇಕು ಅನ್ನಿಸಿತು. ಬರೆದು ಇಡುತ್ತಿದ್ದೇನೆ, ಹಾಗೇ ಅನ್ನಿಸಿತು.

ನೆಂಟರು ಮತ್ತೆ ಸೇರಿದರು. ಮೈದುನ ಬಸ್ಸಿನಲ್ಲಿ ಹೇಳಿದ್ದನ್ನು ಅಲ್ಲಿ ಹೇಳಲಿಲ್ಲ. ನಾನು ಹೇಳಿದೆ. ಅವನು ನಕ್ಕ. ಪಾಪ, ಗಂಡ ಹೋದ ದುಃಖದಲ್ಲಿ ಹೀಗಾಗಿದ್ದಾಳೆ ಎಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಿಷನ್ನು ಓಡಲಿಲ್ಲ, ಮಾತು ಮಾತೇ ಅಂದರು. ಶೆಡ್ಡು ಅವನದಾಯಿತು.

ಕಲ್ಯಾಣದುರ್ಗದ ಲೇತಿಗೆ ಆದದ್ದು ಇಷ್ಟು: ಟರೆಟ್ಟನ್ನು ಬಿಚ್ಚಿ ನೇರ ಮಾಡಿದರು, ಬಾಗಿದ ಸ್ಕ್ರೂ ಬದಲಾಯಿಸಿದರು, ಕಂಟ್ರೋಲಿನಲ್ಲಿ ಒಂದು ಅಂಕಿ ತಿದ್ದಿದರು. ನನ್ನ ತಂತಿಗಳಲ್ಲಿ ಒಂದನ್ನೂ ಯಾರೂ ಮುಟ್ಟಲಿಲ್ಲ. ಉಲ್ಟಾ ಅನ್ನಿಸಿಕೊಂಡ ವೈರಿಂಗು ಅದು, ಅದರ ಮೇಲೇ ಇವತ್ತಿಗೂ ಮಿಷನ್ನು ಓಡುತ್ತಿದೆ.

ಈಗ ನಾನು ಮೈದುನನ ಶೆಡ್ಡಿನಲ್ಲಿ ಪ್ಯಾನೆಲ್ ಕಟ್ಟುತ್ತೇನೆ. ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ. ನಮ್ಮತ್ತಿಗೆಯ ಕೈ ಬಲು ಚೆನ್ನಾಗಿದೆ ಎಂದು ಅವನು ಗಿರಾಕಿಗಳ ಮುಂದೆ ನನ್ನನ್ನು ತೋರಿಸುತ್ತಾನೆ, ಹೊಸದಾಗಿ ತಂದ ಡ್ರಿಲ್ಲಿಂಗ್ ಮಿಷನ್ ತೋರಿಸಿದ ಹಾಗೆ. ಮಿಷನ್ನು ಶುರು ಮಾಡುವ ದಿನ ಅವನೊಬ್ಬನೇ ಹೋಗುತ್ತಾನೆ. ಪೂಜೆ ಮುಗಿದು ಎಲೆ ಎತ್ತಿದ ಮೇಲೆ ನನಗೆ ಫೋನು ಬರುತ್ತದೆ. ನಾನು ಹೋಗಿ ದಿಕ್ಕು ನೋಡುವವರೆಗೂ ಈಗ ಅವನು ಬೆಲ್ಟು ಮುಟ್ಟುವುದಿಲ್ಲ. ಬುದ್ಧಿ ಬಂದಿದೆ, ನನ್ನ ಖರ್ಚಿನಲ್ಲಿ. ನನ್ನ ಗಂಡ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದು ಯಾರಾದರೂ ಕೇಳಿದರೆ ಮೈ ಉರಿಯುತ್ತದೆ. ಗಂಡ ಇದ್ದಾಗ ಕೈಗೆ ಬೆಲೆ, ಇಲ್ಲದಾಗ ಹಣೆಗೆ ಬೆಲೆ ಎಂದು ಅವರೇ ಒಪ್ಪಿಕೊಂಡ ಹಾಗಾಯಿತಲ್ಲ.

ಮೊನ್ನೆ ಕಲ್ಯಾಣದುರ್ಗದಿಂದ ಮೈದುನನಿಗೆ ಫೋನು ಬಂತು. ಇಲಿ ಪ್ಯಾನೆಲಿಗೆ ನುಗ್ಗಿ ತಂತಿ ಕಡಿದಿದೆ, ಮಿಷನ್ನು ನಿಂತಿದೆ, ಯಾರು ಬಂದರೂ ಗೊತ್ತಾಗುತ್ತಿಲ್ಲ, ಚೆಲ್ಲೆಮ್ಮನನ್ನೇ ಕಳಿಸು ಅಂದರಂತೆ. ಹೋಗಬಾರದು ಅಂದುಕೊಂಡೆ. ಆದರೆ ಇಲಿ ಕಡಿದದ್ದು ನನ್ನ ತಂತಿ, ಬೇರೆ ಯಾರೋ ಬಂದು ಅದಕ್ಕೆ ಕೈ ಹಾಕುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಹೋದೆ. ಸಾಹುಕಾರರು ರಸ್ತೆಗೇ ಬಂದು ಕರೆದುಕೊಂಡು ಹೋದರು. ಮಿಷನ್ನಿನ ಮುಂದೆ ದೇವರ ಫೋಟೋ, ಆ ಬೆಳಿಗ್ಗೆ ಇಟ್ಟ ಹೂವು ಇನ್ನೂ ಹಸಿಯಾಗಿತ್ತು. ಅದನ್ನು ಅವರೇ ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡಿಕೊಟ್ಟರು. ಸೊಂಟದವರೆಗೂ ಮಿಷನ್ನಿನೊಳಗೆ ತೂರಿ ಮಲಗಿದೆ. ಕೆಟ್ಟು ನಿಂತ ಮಿಷನ್ನಿಗೆ ಮಡಿಯಿಲ್ಲ.

ಕೆಲಸ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಅವ್ವ ಕಾಫಿ ತಂದರು. ಬಹಳ ಇಳಿದುಹೋಗಿದ್ದರು. ಅದೇ ಪೆಟ್ಟಿಗೆ ಬೋರಲು ಹಾಕಿಕೊಂಡು ಪಕ್ಕದಲ್ಲಿ ಕೂತರು. ಮಿಷನ್ನು ಓಡುತ್ತಿತ್ತು, ಶಾಫ್ಟಿನ ಮೇಲೆ ಟೂಲು ಸರಸರನೆ ಹೋಗಿಬರುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನ ಮೊಣಕೈ ಮುಟ್ಟಿದರು.

"ಅವತ್ತಿಂದೆಲ್ಲ ಮನ್ಸಲ್ಲಿ ಇಟ್ಕಬೇಡ ಕಣಮ್ಮ. ನೀನೇನು ಬೇಕೂಂತ ಬಂದು ನಿಂತ್ಯಾ? ಆಸೆ. ಕೈಯಾರ ಮಾಡಿದ್ದಲ್ವಾ, ನೋಡ್ಬೇಕು ಅನ್ಸ್ತದೆ. ನಾನು ನನ್ ಮಗನ್ಗೂ ಅದೇ ಹೇಳ್ದೆ, ಪಾಪ ಬಿಡೋ ಅಂತ."

ನಾನು ಅವರ ಮುಖ ನೋಡಿದೆ. ಅದರಲ್ಲಿ ಕಳ್ಳತನದ ಗುರುತೇ ಇರಲಿಲ್ಲ. ನನಗಾಗಿ ಮರುಗುತ್ತಿದ್ದರು, ನಿಜವಾಗಿ ಮರುಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಇಷ್ಟು ವರ್ಷ ತಡೆದದ್ದನ್ನು ಅವರೊಬ್ಬರಿಗೇ ಕೇಳುವ ಹಾಗೆ ಹೇಳಿಬಿಟ್ಟೆ.

"ಅವ್ವಾ, ಬಾಗ್ಲಲ್ಲಿ ನಿಂತಿದ್ದು ನೀವು."

ಅವರು ಬೆಚ್ಚಲಿಲ್ಲ, ಮುನಿಯಲೂ ಇಲ್ಲ. ಕಾಫಿ ಲೋಟ ನನ್ನ ಕಡೆ ಸರಿಸಿ, ಹುಚ್ಚು ಹುಡುಗಿಗೆ ಬುದ್ಧಿ ಹೇಳುವ ಹಾಗೆ ಅಂದರು:

"ನಾನ್ಯಾಕಮ್ಮ ಬತ್ತೀನಿ? ಬರಬಾರ್ದು ಅಂತ ನಂಗೊತ್ತಿಲ್ವಾ?"